ಹಿಮ್ಮಡಿ ನೋವು

ಹಿಮ್ಮಡಿ ನೋವು ಎಂಬುದು ಪಾದದ ಹಿಂಭಾಗದಲ್ಲಿ, ಮುಖ್ಯವಾಗಿ ಹಿಮ್ಮಡಿಯ ತಳದಲ್ಲಿ ಅಥವಾ ಅದರ ಹಿಂಬದಿಯಲ್ಲಿ ಕಾಣಿಸಿಕೊಳ್ಳುವ ನೋವು. ಪಾದಕ್ಕೆ ಸಂಬಂಧಿಸಿದ ತೊಂದರೆಗಳಲ್ಲಿ ಇದು ಬಹಳ ಸಾಮಾನ್ಯವಾದುದು. ಸುಮಾರು ಹತ್ತು ಜನರಲ್ಲಿ ಒಬ್ಬರು ತಮ್ಮ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ ಎಂದು ಅಂದಾಜಿಸಲಾಗಿದೆ. 40ರಿಂದ 60 ವರ್ಷ ವಯಸ್ಸಿನವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ವಯಸ್ಕರಲ್ಲಿ ಹಿಮ್ಮಡಿಯ ತಳ ನೋಯಲು ಅತಿ ಸಾಮಾನ್ಯ ಕಾರಣವೆಂದರೆ ಅಂಗಾಲಿನ ತಂತುಪಟ್ಟಿಯ ಸವೆತ. ವೈದ್ಯಶಾಸ್ತ್ರದಲ್ಲಿ ಇದನ್ನು ಪ್ಲಾಂಟರ್ ಫೇಸಿಯೈಟಿಸ್ ಎಂದು ಕರೆಯಲಾಗುತ್ತದೆ.

ಬಹುಪಾಲು ಪ್ರಕರಣಗಳಲ್ಲಿ ಈ ನೋವು ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲದೆ ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಮೂಳೆಯ ಬಿರುಕು, ನರದ ಒತ್ತಡ, ಸಂಧಿವಾತ ಅಥವಾ ಸೋಂಕು ಕೂಡ ಇದೇ ಜಾಗದಲ್ಲಿ ನೋವನ್ನುಂಟುಮಾಡಬಲ್ಲವು. ಮಧುಮೇಹ ಇರುವವರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುವ ಸಾಧ್ಯತೆ ಇರುವುದರಿಂದ ಅವರ ಪಾದದ ಯಾವುದೇ ತೊಂದರೆಯನ್ನು ಪ್ರತ್ಯೇಕವಾಗಿ ಪರಿಗಣಿಸಬೇಕಾಗುತ್ತದೆ.

## ಪಾದದ ರಚನೆ

ಮನುಷ್ಯನ ಪ್ರತಿಯೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಅತ್ಯಂತ ದೊಡ್ಡದು ಹಿಮ್ಮಡಿ ಮೂಳೆ. ಇದಕ್ಕೆ ಕ್ಯಾಲ್ಕೇನಿಯಸ್ ಎಂಬ ಹೆಸರಿದೆ. ನಡೆಯುವಾಗ ಸಾಮಾನ್ಯವಾಗಿ ಮೊದಲು ನೆಲವನ್ನು ಮುಟ್ಟುವುದು ಹಿಮ್ಮಡಿ. ಆಗ ದೇಹದ ತೂಕಕ್ಕಿಂತ ತುಸು ಹೆಚ್ಚಿನ ಬಲ ಪಾದದ ಮೇಲೆ ಬೀಳುತ್ತದೆ. ಓಡುವಾಗ ಈ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಆಗುತ್ತದೆ. ಈ ಹೊಡೆತವನ್ನು ತಡೆದುಕೊಳ್ಳಲು ಹಿಮ್ಮಡಿ ಮೂಳೆಯ ಕೆಳಗೆ ಕೊಬ್ಬಿನ ಮೆತ್ತೆಯೊಂದಿದೆ. ಗಟ್ಟಿಯಾದ ನಾರಿನ ಗೋಡೆಗಳಿಂದ ಆದ ಸಣ್ಣ ಸಣ್ಣ ಕೋಶಗಳಲ್ಲಿ ಕೊಬ್ಬು ತುಂಬಿಕೊಂಡಿರುವುದರಿಂದ ಅದು ಒತ್ತಡದಲ್ಲಿ ಪಕ್ಕಕ್ಕೆ ಹರಡಿಹೋಗದೆ ದಿಂಬಿನಂತೆ ಕೆಲಸ ಮಾಡುತ್ತದೆ. ವಯಸ್ಸಾದಂತೆ ಈ ಮೆತ್ತೆಯ ಸ್ಥಿತಿಸ್ಥಾಪಕ ಗುಣ ಕಡಿಮೆಯಾಗುತ್ತದೆ.

ಹಿಮ್ಮಡಿ ಮೂಳೆಯ ತಳದಿಂದ ಹೊರಟು ಬೆರಳುಗಳ ಬುಡದವರೆಗೆ ಚಾಚಿಕೊಂಡಿರುವ ದಪ್ಪವಾದ ನಾರಿನ ಪಟ್ಟಿಯೇ ಅಂಗಾಲಿನ ತಂತುಪಟ್ಟಿ. ಬಿಲ್ಲಿಗೆ ಹೆದೆ ಹೇಗೋ ಹಾಗೆ ಇದು ಪಾದದ ಕಮಾನನ್ನು ಬಿಗಿದು ಹಿಡಿದಿರುತ್ತದೆ. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಮೇಲ್ಮುಖವಾಗಿ ಬಾಗಿದಾಗ ಈ ಪಟ್ಟಿ ಬೆರಳುಗಳ ಬುಡದ ಸುತ್ತ ಎಳೆಯಲ್ಪಟ್ಟು ಬಿಗಿಯಾಗುತ್ತದೆ, ಕಮಾನು ಎತ್ತರಗೊಳ್ಳುತ್ತದೆ ಮತ್ತು ಪಾದವು ಗಟ್ಟಿ ಸನ್ನೆಯಂತಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಹಗ್ಗವನ್ನು ಉರುಳೆಗೆ ಸುತ್ತಿ ಬಿಗಿಗೊಳಿಸುವ ಯಂತ್ರವನ್ನು ಹೋಲುವ ಈ ಕಾರ್ಯವಿಧಾನವನ್ನು 1954ರಲ್ಲಿ ಜೆ. ಎಚ್. ಹಿಕ್ಸ್ ಅವರು ವಿವರಿಸಿದರು.

ಮೀನಖಂಡದ ಸ್ನಾಯುಗಳು ಅಕಿಲಿಸ್ ಎಂಬ ಸ್ನಾಯುರಜ್ಜುವಿನ ಮೂಲಕ ಹಿಮ್ಮಡಿ ಮೂಳೆಯ ಹಿಂಬದಿಗೆ ಸೇರಿಕೊಳ್ಳುತ್ತವೆ. ಮೀನಖಂಡ ಬಿಗಿದುಕೊಂಡಿದ್ದರೆ ಅಂಗಾಲಿನ ಪಟ್ಟಿಯ ಮೇಲಿನ ಎಳೆತವೂ ಹೆಚ್ಚುತ್ತದೆ. ಹಿಮ್ಮಡಿ ನೋವಿನ ಚಿಕಿತ್ಸೆಯಲ್ಲಿ ಮೀನಖಂಡದ ವ್ಯಾಯಾಮಕ್ಕೆ ಮಹತ್ವ ಬಂದಿರುವುದು ಈ ಸಂಬಂಧದಿಂದ.

## ಕಾರಣಗಳು

### ಅಂಗಾಲಿನ ತಂತುಪಟ್ಟಿಯ ಸವೆತ

ತಂತುಪಟ್ಟಿಯು ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಮತ್ತೆ ಮತ್ತೆ ಎಳೆತ ಉಂಟಾದಾಗ ಅದರ ನಾರುಗಳಲ್ಲಿ ಸೂಕ್ಷ್ಮವಾದ ಹರಿತಗಳಾಗುತ್ತವೆ. ಅವು ಮಾಯುವುದಕ್ಕೆ ಮೊದಲೇ ಮತ್ತಷ್ಟು ಭಾರ ಬಿದ್ದರೆ ಪಟ್ಟಿ ದಪ್ಪಗಾಗಿ, ಅದರ ನಾರುಗಳ ಜೋಡಣೆ ಕೆಡುತ್ತದೆ. ಹಿಂದೆ ಇದನ್ನು ಉರಿಯೂತವೆಂದು ತಿಳಿಯಲಾಗಿತ್ತು. ರೋಗದ ಇಂಗ್ಲಿಷ್ ಹೆಸರಿನ ಅರ್ಥವೂ ಅದೇ ಆಗಿದೆ. ಆದರೆ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಅಂಗಾಂಶಗಳ ಪರೀಕ್ಷೆಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳಲ್ಲಿ ಉರಿಯೂತಕ್ಕಿಂತ ನಾರಿನ ಸವೆತದ ಲಕ್ಷಣಗಳೇ ಇರುವುದನ್ನು ತೋರಿಸಿತು. ಆ ಬಳಿಕ ಇದನ್ನು ಮುಖ್ಯವಾಗಿ ಸವೆತದ ತೊಂದರೆಯೆಂದು ಪರಿಗಣಿಸಲಾಗುತ್ತಿದೆ. ಉರಿಯೂತ ತಗ್ಗಿಸುವ ಔಷಧಗಳಿಂದ ಮಾತ್ರವೇ ಇದು ಪೂರ್ಣವಾಗಿ ವಾಸಿಯಾಗದಿರುವುದನ್ನು ಈ ತಿಳಿವಳಿಕೆ ಸ್ವಲ್ಪಮಟ್ಟಿಗೆ ವಿವರಿಸುತ್ತದೆ.

ಈ ತೊಂದರೆಯ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳು ಹೀಗಿವೆ:

* ದೇಹದ ತೂಕ ಅತಿಯಾಗಿರುವುದು ಅಥವಾ ಕಡಿಮೆ ಅವಧಿಯಲ್ಲಿ ಹೆಚ್ಚುವುದು
* ಗಟ್ಟಿ ನೆಲದ ಮೇಲೆ ದೀರ್ಘಕಾಲ ನಿಂತು ಮಾಡುವ ಕೆಲಸ
* ಮೀನಖಂಡದ ಬಿಗಿತದಿಂದ ಪಾದವನ್ನು ಮೇಲ್ಮುಖವಾಗಿ ಬಾಗಿಸಲು ಕಷ್ಟವಾಗುವುದು
* ಚಪ್ಪಟೆ ಪಾದ ಅಥವಾ ಅತಿ ಎತ್ತರದ ಕಮಾನುಳ್ಳ ಪಾದ
* ಅಭ್ಯಾಸವಿಲ್ಲದೆ ಇದ್ದಕ್ಕಿದ್ದಂತೆ ಓಟ ಅಥವಾ ದೂರದ ನಡಿಗೆಯನ್ನು ಆರಂಭಿಸುವುದು
* ಸವೆದ ಅಥವಾ ತೀರಾ ತೆಳುವಾದ ಅಟ್ಟೆಯುಳ್ಳ ಪಾದರಕ್ಷೆ

ಶಿಕ್ಷಕರು, ದಾದಿಯರು, ಸಂಚಾರ ಪೊಲೀಸರು, ಅಂಗಡಿ ಮತ್ತು ಕಾರ್ಖಾನೆಗಳಲ್ಲಿ ನಿಂತು ದುಡಿಯುವವರು ಹಾಗೂ ಅಡುಗೆಯವರಂತಹ ವೃತ್ತಿನಿರತರಲ್ಲಿ ದೀರ್ಘಕಾಲ ನಿಲ್ಲುವುದು ಅನಿವಾರ್ಯವಾಗಿರುತ್ತದೆ. ಇಂಥವರಲ್ಲಿ ನೋವು ದುಡಿಮೆಯ ಮೇಲೆಯೇ ನೇರ ಪರಿಣಾಮ ಬೀರುತ್ತದೆ. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ರೂಢಿಯಿರುವಲ್ಲಿ, ಕಲ್ಲುಹಾಸು ಅಥವಾ ಟೈಲ್ಸ್‌ ನೆಲದ ಮೇಲೆ ನಿಂತು ಮಾಡುವ ಮನೆಗೆಲಸವೂ ಹಿಮ್ಮಡಿಯ ಮೇಲೆ ಭಾರ ಹಾಕುತ್ತದೆ.

### ಹಿಮ್ಮಡಿಯ ಮುಳ್ಳು

ಹಿಮ್ಮಡಿ ಮೂಳೆಯ ತಳದಿಂದ ಮುಂದಕ್ಕೆ ಚಾಚಿಕೊಂಡು ಬೆಳೆಯುವ ಮೂಳೆಯ ಮೊನೆಯನ್ನು ಹಿಮ್ಮಡಿಯ ಮುಳ್ಳು ಎನ್ನುತ್ತಾರೆ. ಎಕ್ಸ್-ರೇ ಚಿತ್ರದಲ್ಲಿ ಇದು ಚೂಪಾಗಿ ಕಾಣುವುದರಿಂದ ಇದೇ ಚುಚ್ಚಿ ನೋವುಂಟುಮಾಡುತ್ತಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ನೋವೇ ಇಲ್ಲದ ಅನೇಕರಲ್ಲಿಯೂ ಇಂತಹ ಮುಳ್ಳು ಕಂಡುಬರುತ್ತದೆ. ನೋವಿರುವ ಎಲ್ಲರಲ್ಲಿಯೂ ಅದು ಇರುವುದಿಲ್ಲ. ಮುಳ್ಳು ಹಾಗೆಯೇ ಉಳಿದಿದ್ದರೂ ನೋವು ಮಾಯವಾಗುವುದು ಸಾಮಾನ್ಯ. ಆದ್ದರಿಂದ ಮುಳ್ಳು ಕಂಡ ಮಾತ್ರಕ್ಕೆ ಅದನ್ನು ಕತ್ತರಿಸಿ ತೆಗೆಯಬೇಕಾಗಿಲ್ಲ.

### ಇತರ ಕಾರಣಗಳು

* ಮೂಳೆಯ ಬಿರುಕು: ಪದೇ ಪದೇ ಬೀಳುವ ಹೊಡೆತದಿಂದ ಹಿಮ್ಮಡಿ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಮೂಡಬಹುದು. ಓಟಗಾರರಲ್ಲಿ, ಸೈನಿಕ ತರಬೇತಿ ಪಡೆಯುವವರಲ್ಲಿ ಮತ್ತು ಮೂಳೆ ಟೊಳ್ಳಾದವರಲ್ಲಿ ಇದರ ಸಾಧ್ಯತೆ ಹೆಚ್ಚು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅದುಮಿದಾಗ ನೋವಾಗುವುದು ಇದರ ಒಂದು ಸೂಚನೆ.
* ಕೊಬ್ಬಿನ ಮೆತ್ತೆಯ ಕ್ಷೀಣತೆ: ನೋವು ಹಿಮ್ಮಡಿಯ ನಟ್ಟನಡುವೆ ಇರುತ್ತದೆ. ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಾಗ ಹೆಚ್ಚುತ್ತದೆ.
* ನರದ ಒತ್ತಡ: ಕಾಲಿನ ಗಿಣ್ಣಿನ ಒಳಬದಿಯಲ್ಲಿ ನರ ಅದುಮಿದಾಗ ಉರಿ, ಜುಮುಗುಟ್ಟುವಿಕೆ ಮತ್ತು ಮರಗಟ್ಟುವಿಕೆ ಉಂಟಾಗುತ್ತವೆ. ಸೊಂಟದ ಬಳಿ ನರದ ಬೇರು ಒತ್ತಲ್ಪಟ್ಟಾಗಲೂ ನೋವು ಪಾದದವರೆಗೆ ಹರಿಯಬಹುದು.
* ಅಕಿಲಿಸ್ ಸ್ನಾಯುರಜ್ಜುವಿನ ತೊಂದರೆ: ನೋವು ಹಿಮ್ಮಡಿಯ ಹಿಂಬದಿಯಲ್ಲಿರುತ್ತದೆ. ಫ್ಲೋರೋಕ್ವಿನೋಲೋನ್ ಗುಂಪಿನ ಪ್ರತಿಜೀವಕಗಳ ಸೇವನೆಯಿಂದಲೂ ಈ ರಜ್ಜುವಿಗೆ ಹಾನಿಯಾಗುವ ಸಾಧ್ಯತೆಯಿದೆ.
* ಸಂಧಿವಾತದ ಬಗೆಗಳು: ಬೆನ್ನುಮೂಳೆಯ ಕೀಲುಗಳನ್ನು ಬಾಧಿಸುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಂತಹ ರೋಗಗಳಲ್ಲಿ ಹಿಮ್ಮಡಿ ನೋವು ಮೊದಲ ಲಕ್ಷಣವಾಗಿ ಕಾಣಿಸಬಹುದು. ಹರೆಯದವರಲ್ಲಿ ಎರಡೂ ಹಿಮ್ಮಡಿಗಳ ನೋವಿನ ಜೊತೆಗೆ ಬೆಳಗಿನ ಸೊಂಟದ ಬಿಗಿತವಿದ್ದರೆ ಈ ದಿಕ್ಕಿನಲ್ಲಿ ಪರೀಕ್ಷೆ ಅಗತ್ಯ.
* ಸೋಂಕು ಮತ್ತು ಗಡ್ಡೆಗಳು: ಇವು ಅಪರೂಪ, ಆದರೆ ವಿಶ್ರಾಂತಿಯಲ್ಲೂ, ರಾತ್ರಿಯಲ್ಲೂ ಬಿಡದೆ ಕಾಡುವ ನೋವಿದ್ದಾಗ ಇವನ್ನು ಮರೆಯುವಂತಿಲ್ಲ.

## ಲಕ್ಷಣಗಳು

ತಂತುಪಟ್ಟಿಯ ಸವೆತದಿಂದಾದ ನೋವಿನ ವಿಶಿಷ್ಟ ಲಕ್ಷಣವೆಂದರೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿ ಚುಚ್ಚಿದಂತಾಗುವುದು. ಸ್ವಲ್ಪ ಹೊತ್ತು ನಡೆದಾಡಿದ ಮೇಲೆ ಅದು ತಗ್ಗುತ್ತದೆ. ಬಹಳ ಹೊತ್ತು ಕುಳಿತು ಎದ್ದಾಗ ಮತ್ತೆ ಕಾಣಿಸುತ್ತದೆ. ದಿನವಿಡೀ ನಿಂತು ಕೆಲಸ ಮಾಡಿದರೆ ಸಂಜೆಯ ವೇಳೆಗೆ ಮಂದವಾದ ನೋವಾಗಿ ಹೆಚ್ಚುತ್ತದೆ. ಹಿಮ್ಮಡಿಯ ತಳದಲ್ಲಿ ಒಳಬದಿಗೆ ಬೆರಳಿನಿಂದ ಒತ್ತಿದಾಗ ಒಂದು ನಿರ್ದಿಷ್ಟ ಬಿಂದುವಿನಲ್ಲಿ ನೋವಾಗುತ್ತದೆ. ನೋವನ್ನು ತಪ್ಪಿಸಲು ಪಾದದ ಹೊರ ಅಂಚಿನ ಮೇಲೆ ಅಥವಾ ತುದಿಗಾಲಿನಲ್ಲಿ ನಡೆಯುವವರಿದ್ದಾರೆ. ಇದರಿಂದ ಕ್ರಮೇಣ ಮೊಣಕಾಲು ಮತ್ತು ಸೊಂಟದಲ್ಲಿಯೂ ನೋವು ಆರಂಭವಾಗಬಹುದು.

## ರೋಗನಿರ್ಣಯ

ನೋವಿನ ವಿವರ ಮತ್ತು ಪಾದದ ಪರೀಕ್ಷೆಯಿಂದಲೇ ಬಹುಮಟ್ಟಿಗೆ ರೋಗನಿರ್ಣಯ ಸಾಧ್ಯವಾಗುತ್ತದೆ. ವೈದ್ಯರು ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿ ತಂತುಪಟ್ಟಿಯನ್ನು ಬಿಗಿಗೊಳಿಸಿದಾಗ ನೋವು ಮರುಕಳಿಸುವುದೇ ಎಂದು ನೋಡುತ್ತಾರೆ. ಆರಂಭದಲ್ಲಿ ಎಲ್ಲರಿಗೂ ಎಕ್ಸ್-ರೇ ಅಥವಾ ಎಂ.ಆರ್.ಐ. ಅಗತ್ಯವಿರುವುದಿಲ್ಲ. ಪೆಟ್ಟು ಬಿದ್ದಿದ್ದರೆ, ಲಕ್ಷಣಗಳು ಎಂದಿನಂತಿಲ್ಲದಿದ್ದರೆ ಅಥವಾ ಹಲವು ತಿಂಗಳ ಚಿಕಿತ್ಸೆಯ ನಂತರವೂ ಗುಣ ಕಾಣದಿದ್ದರೆ ಅವುಗಳ ನೆರವು ಪಡೆಯಲಾಗುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ತಂತುಪಟ್ಟಿಯ ದಪ್ಪ 4 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಅದು ಈ ರೋಗವನ್ನು ಬೆಂಬಲಿಸುವ ಸಾಕ್ಷ್ಯವಾಗುತ್ತದೆ. ಸಂಧಿವಾತದ ಅಥವಾ ಸೋಂಕಿನ ಅನುಮಾನವಿದ್ದಾಗ ರಕ್ತಪರೀಕ್ಷೆ ಮಾಡಲಾಗುತ್ತದೆ.

## ನಿರ್ವಹಣೆ

ತಂತುಪಟ್ಟಿಯ ಸವೆತವುಳ್ಳವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಸರಳ ಕ್ರಮಗಳಿಂದ ಒಂದು ವರ್ಷದೊಳಗೆ ಗುಣ ಕಾಣುತ್ತಾರೆ. ಸುಧಾರಣೆ ನಿಧಾನವಾಗಿ ಆಗುವುದರಿಂದ ಒಂದೆರಡು ವಾರಗಳಲ್ಲಿ ಫಲ ಸಿಗಲಿಲ್ಲವೆಂದು ವ್ಯಾಯಾಮವನ್ನು ಬಿಡುವುದು ಸರಿಯಲ್ಲ.

### ಭಾರದ ನಿಯಂತ್ರಣ

ಪೂರ್ತಿಯಾಗಿ ಮಲಗಿರುವ ಅಗತ್ಯವಿಲ್ಲ. ಓಟ, ಹಾರುವ ಆಟ, ದೀರ್ಘ ನಡಿಗೆಗಳನ್ನು ಕೆಲಕಾಲ ಕಡಿಮೆ ಮಾಡಿ, ಈಜು ಅಥವಾ ಸೈಕಲ್ ತುಳಿಯುವಂತಹ ಹಿಮ್ಮಡಿಗೆ ಹೊಡೆತ ಬೀಳದ ವ್ಯಾಯಾಮಗಳನ್ನು ಮುಂದುವರಿಸಬಹುದು. ನಿಂತು ಕೆಲಸ ಮಾಡುವವರು ನಡುನಡುವೆ ಕುಳಿತುಕೊಳ್ಳುವುದು, ಸಾಧ್ಯವಾದರೆ ಮೆತ್ತನೆಯ ಚಾಪೆಯ ಮೇಲೆ ನಿಲ್ಲುವುದು ಉಪಯುಕ್ತ. ತೂಕ ಹೆಚ್ಚಿರುವವರಲ್ಲಿ ತೂಕ ಇಳಿಸುವುದರಿಂದ ಅಂಗಾಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ.

### ವ್ಯಾಯಾಮಗಳು

* ಅಂಗಾಲಿನ ಹಿಗ್ಗಿಸುವಿಕೆ: ಕುಳಿತುಕೊಂಡು ನೋವಿರುವ ಕಾಲನ್ನು ಇನ್ನೊಂದು ಕಾಲಿನ ಮೊಣಕಾಲಿನ ಮೇಲೆ ಇರಿಸಿ, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಅಂಗಾಲು ಬಿಗಿಯಾದುದು ಇನ್ನೊಂದು ಕೈಗೆ ತಿಳಿಯುತ್ತದೆ. 10 ಸೆಕೆಂಡುಗಳ ಕಾಲ ಹಿಡಿದು ಬಿಡುವುದನ್ನು 10 ಬಾರಿಯಂತೆ ದಿನಕ್ಕೆ ಮೂರು ಸಲ ಮಾಡಲಾಗುತ್ತದೆ. ಮೊದಲ ಸರದಿಯನ್ನು ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲೇ ಮುಗಿಸುವುದು ಉತ್ತಮ.
* ಮೀನಖಂಡದ ಹಿಗ್ಗಿಸುವಿಕೆ: ಗೋಡೆಗೆ ಎರಡೂ ಕೈಗಳನ್ನು ಊರಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಬೇಕು. ಮೀನಖಂಡದಲ್ಲಿ ಎಳೆತ ಕಂಡಾಗ ಸುಮಾರು 30 ಸೆಕೆಂಡು ಹಾಗೆಯೇ ಇರಬೇಕು.
* ಬಲವರ್ಧನೆ: ಮೆಟ್ಟಿಲಿನ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲನ್ನು ಬೆರಳುಗಳ ಕೆಳಗಿಟ್ಟು ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಮೇಲೆತ್ತಿ, ಕ್ಷಣಕಾಲ ತಡೆದು, ನಿಧಾನವಾಗಿ ಇಳಿಸಬೇಕು. ಆಸರೆಗೆ ಕೈಪಿಡಿಯನ್ನು ಹಿಡಿದುಕೊಳ್ಳಬೇಕು. ಇದನ್ನು ಒಂದು ದಿನ ಬಿಟ್ಟು ಒಂದು ದಿನ ಮಾಡಲಾಗುತ್ತದೆ.

ವ್ಯಾಯಾಮದ ವೇಳೆ ಸೌಮ್ಯವಾದ ನೋವು ಸಹಜ. ಮರುದಿನ ನೋವು ಉಲ್ಬಣಿಸಿದರೆ ಪ್ರಮಾಣವನ್ನು ತಗ್ಗಿಸಬೇಕು. ಮೂಳೆಯ ಬಿರುಕಿನ ಅನುಮಾನವಿರುವವರು ಈ ವ್ಯಾಯಾಮಗಳನ್ನು ಮಾಡಬಾರದು.

### ಪಾದರಕ್ಷೆ

ಹಿಮ್ಮಡಿಗೆ ಮೆತ್ತೆ, ಕಮಾನಿಗೆ ಆಸರೆ ಮತ್ತು ತುಸು ಎತ್ತರದ ಹಿಂಬದಿಯುಳ್ಳ ಪಾದರಕ್ಷೆ ಸೂಕ್ತ. ಪೂರ್ತಿ ಚಪ್ಪಟೆಯಾದ ತೆಳು ಚಪ್ಪಲಿಗಳು ನೋವನ್ನು ಹೆಚ್ಚಿಸಬಹುದು. ಗಟ್ಟಿ ನೆಲವಿರುವ ಮನೆಗಳಲ್ಲಿ ಒಳಗೆ ಧರಿಸಲೆಂದೇ ಪ್ರತ್ಯೇಕವಾದ ಮೆತ್ತನೆಯ ಚಪ್ಪಲಿಯನ್ನು ಇಟ್ಟುಕೊಳ್ಳಬಹುದು. ಪಾದರಕ್ಷೆಯೊಳಗೆ ಇಡುವ ಸಿದ್ಧ ಮೆತ್ತೆಗಳು ಬಹುತೇಕರಿಗೆ ಸಾಕಾಗುತ್ತವೆ; ಅಳತೆ ಕೊಟ್ಟು ಮಾಡಿಸಿದ ದುಬಾರಿ ಮೆತ್ತೆಗಳು ಅವುಗಳಿಗಿಂತ ಗಣನೀಯವಾಗಿ ಉತ್ತಮವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

### ತಂಪು ಮತ್ತು ಔಷಧಗಳು

ದಿನದ ಕೊನೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸುಮಾರು 15 ನಿಮಿಷ ಇಡುವುದರಿಂದ ತಾತ್ಕಾಲಿಕ ಶಮನ ದೊರೆಯುತ್ತದೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂತಹ ನೋವುನಿವಾರಕಗಳು ಅಲ್ಪಕಾಲದ ಬಳಕೆಗೆ ನೆರವಾಗುತ್ತವೆ. ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಮೂತ್ರಪಿಂಡದ ಕಾಯಿಲೆ, ಜಠರದ ಹುಣ್ಣು ಅಥವಾ ಹೃದ್ರೋಗ ಇರುವವರಿಗೆ, ರಕ್ತ ತೆಳುಗೊಳಿಸುವ ಔಷಧ ಸೇವಿಸುವವರಿಗೆ ಮತ್ತು ಗರ್ಭಿಣಿಯರಿಗೆ ಅಪಾಯಕಾರಿಯಾಗಬಹುದು. ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯಿಂದ ಕೊಂಡು ವಾರಗಟ್ಟಲೆ ಸೇವಿಸುವುದು ಸುರಕ್ಷಿತವಲ್ಲ.

### ಚುಚ್ಚುಮದ್ದು ಮತ್ತು ಇತರ ಚಿಕಿತ್ಸೆಗಳು

ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಕಾಲ ನೋವನ್ನು ತಗ್ಗಿಸಬಲ್ಲದು. ಆದರೆ ಅದರ ಪರಿಣಾಮ ದೀರ್ಘಕಾಲ ಉಳಿಯುವುದಿಲ್ಲ. ಪದೇ ಪದೇ ಕೊಟ್ಟರೆ ತಂತುಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ಕರಗಿದ ಮೆತ್ತೆ ಮತ್ತೆ ಮೊದಲಿನಂತಾಗುವುದು ಕಷ್ಟ. ಮಧುಮೇಹ ಇರುವವರಲ್ಲಿ ಈ ಚುಚ್ಚುಮದ್ದಿನ ಬಳಿಕ ಕೆಲವು ದಿನ ರಕ್ತದ ಸಕ್ಕರೆ ಏರಬಹುದು. ಪಾದಕ್ಕೆ ಪಟ್ಟಿ ಸುತ್ತುವುದು, ನಿದ್ರಿಸುವಾಗ ಪಾದವನ್ನು ನೇರವಾಗಿ ಹಿಡಿದಿಡುವ ಕಟ್ಟು ಮತ್ತು ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸುವ ಚಿಕಿತ್ಸೆ ಇತರ ಆಯ್ಕೆಗಳು.

ಆರರಿಂದ ಹನ್ನೆರಡು ತಿಂಗಳ ಕಾಲ ಉಳಿದೆಲ್ಲ ಕ್ರಮಗಳೂ ವಿಫಲವಾದ ಕೆಲವೇ ಪ್ರಕರಣಗಳಲ್ಲಿ ತಂತುಪಟ್ಟಿಯ ಒಂದು ಭಾಗವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಪೂರ್ತಿ ಕತ್ತರಿಸಿದರೆ ಪಾದದ ಕಮಾನು ಕುಸಿಯುವ ಸಂಭವವಿರುತ್ತದೆ.

## ಸಾಂಪ್ರದಾಯಿಕ ಉಪಚಾರ

ಆಯುರ್ವೇದದ ಸುಶ್ರುತ ಸಂಹಿತೆಯಲ್ಲಿ ಪಾದವನ್ನು ತಪ್ಪಾಗಿ ಊರುವುದರಿಂದ ಉಂಟಾಗುವ ವಾತಕಂಟಕ ಎಂಬ ನೋವಿನ ಉಲ್ಲೇಖವಿದೆ. ಇಂದಿನ ಆಯುರ್ವೇದ ವೈದ್ಯರು ಹಿಮ್ಮಡಿ ನೋವನ್ನು ಸಾಮಾನ್ಯವಾಗಿ ಈ ಹೆಸರಿನಿಂದ ಗುರುತಿಸುತ್ತಾರೆ.

ಕರ್ನಾಟಕದಲ್ಲಿ ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯನ್ನಿಟ್ಟು ಅದರ ಮೇಲೆ ಹಿಮ್ಮಡಿಯನ್ನು ಊರುವುದು, ಬಿಸಿ ಉಪ್ಪುನೀರಿನಲ್ಲಿ ಕಾಲಿಡುವುದು, ಎಣ್ಣೆ ತಿಕ್ಕುವುದು ಬಳಕೆಯಲ್ಲಿರುವ ಮನೆಮದ್ದುಗಳು. ಹದವಾದ ಶಾಖ ಮತ್ತು ತಿಕ್ಕುವಿಕೆಯಿಂದ ಕೆಲವರಿಗೆ ಹಿತವೆನಿಸುತ್ತದೆ. ಆದರೆ ಇಟ್ಟಿಗೆಯ ಶಾಖವನ್ನು ಅಳೆಯುವುದು ಚರ್ಮವೊಂದೇ ಆದ್ದರಿಂದ, ಸ್ಪರ್ಶಜ್ಞಾನ ಕುಂದಿದವರಲ್ಲಿ ಇದರಿಂದ ಸುಟ್ಟಗಾಯಗಳಾಗುವ ಅಪಾಯವಿದೆ. ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ. ಕಣ್ಣಿಗೆ ತಗುಲಿದರೆ ತೀವ್ರ ಹಾನಿಯುಂಟುಮಾಡುತ್ತದೆ. ಒಡೆದ ಹಿಮ್ಮಡಿಯ ಮೇಲೆ ಇದನ್ನು ಬಳಸಬಾರದು.

## ಮಧುಮೇಹ ಮತ್ತು ಪಾದದ ಸ್ಪರ್ಶಜ್ಞಾನ

ದೀರ್ಘಕಾಲ ನಿಯಂತ್ರಣದಲ್ಲಿಲ್ಲದ ಮಧುಮೇಹವು ಪಾದದ ನರಗಳನ್ನು ಹಾನಿಗೊಳಿಸುತ್ತದೆ. ಆರಂಭದಲ್ಲಿ ಉರಿ ಮತ್ತು ಜುಮುಗುಟ್ಟುವಿಕೆ ಕಾಣಿಸಿ, ಕ್ರಮೇಣ ನೋವಿನ ಅರಿವೇ ಇಲ್ಲದಂತಾಗಬಹುದು. ಆದುದರಿಂದ ನೋವಿಲ್ಲ ಎಂಬುದು ಮಧುಮೇಹಿಗಳಲ್ಲಿ ಪಾದ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಚಪ್ಪಲಿಯೊಳಗೆ ಸೇರಿದ ಸಣ್ಣ ಕಲ್ಲು, ಕಾದ ನೆಲ ಅಥವಾ ಮುಳ್ಳು ಮಾಡಿದ ಗಾಯ ಗಮನಕ್ಕೆ ಬಾರದೆ ಹುಣ್ಣಾಗಿ, ಸೋಂಕು ಮೂಳೆಗೆ ಹರಡಿ, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರಬಹುದು.

ನೋವಿಗೆ ರಕ್ಷಣೆಯ ಪಾತ್ರವಿದೆ ಎಂಬುದು ಕುಷ್ಠರೋಗದ ಅಧ್ಯಯನದಿಂದಲೂ ಸ್ಪಷ್ಟವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ರೋಗಿಗಳ ಕೈಕಾಲು ಬೆರಳುಗಳು ನಷ್ಟವಾಗುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ನೋವಿನ ಅರಿವಿಲ್ಲದೆ ಮತ್ತೆ ಮತ್ತೆ ಆಗುವ ಗಾಯಗಳಿಂದ ಎಂಬುದನ್ನು ತೋರಿಸಿಕೊಟ್ಟರು. ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗಾಗಿ ಭಾರತದಲ್ಲಿ ಬಳಸುವ ಎಂ.ಸಿ.ಆರ್. ಚಪ್ಪಲಿಗಳನ್ನು ಒತ್ತಡವನ್ನು ಸಮನಾಗಿ ಹಂಚುವ ಮೆತ್ತನೆಯ ರಬ್ಬರಿನಿಂದ ತಯಾರಿಸಲಾಗುತ್ತದೆ.

ಮಧುಮೇಹಿಗಳು ಅನುಸರಿಸಬೇಕಾದ ಮುಖ್ಯ ಕ್ರಮಗಳು:

* ಪ್ರತಿದಿನ ಅಂಗಾಲು ಮತ್ತು ಬೆರಳುಗಳ ಸಂದುಗಳನ್ನು ನೋಡಿಕೊಳ್ಳುವುದು; ಬಾಗಲು ಆಗದವರು ಕನ್ನಡಿಯ ಅಥವಾ ಮನೆಯವರ ನೆರವು ಪಡೆಯುವುದು
* ಮನೆಯೊಳಗೂ ಹೊರಗೂ ಬರಿಗಾಲಿನಲ್ಲಿ ನಡೆಯದಿರುವುದು
* ಬಿಸಿನೀರು, ಕಾಯಿಸಿದ ಇಟ್ಟಿಗೆ, ಬಿಸಿನೀರಿನ ಚೀಲ ಹಾಗೂ ಮಂಜುಗಡ್ಡೆಯನ್ನು ಪಾದಕ್ಕೆ ಬಳಸದಿರುವುದು
* ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳದಿರುವುದು
* ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸ್ಪರ್ಶಜ್ಞಾನ ಮತ್ತು ರಕ್ತಸಂಚಾರವನ್ನು ಪರೀಕ್ಷಿಸಿಕೊಳ್ಳುವುದು

## ಮಕ್ಕಳಲ್ಲಿ

ಸುಮಾರು 8ರಿಂದ 14 ವರ್ಷದ ಮಕ್ಕಳಲ್ಲಿ, ಅದರಲ್ಲೂ ಓಟ ಮತ್ತು ಆಟಗಳಲ್ಲಿ ತೊಡಗಿರುವವರಲ್ಲಿ, ಹಿಮ್ಮಡಿಯ ಹಿಂಬದಿ ನೋಯುವುದಕ್ಕೆ ಸಾಮಾನ್ಯ ಕಾರಣ ಸೀವರ್ ರೋಗ. ಹಿಮ್ಮಡಿ ಮೂಳೆಯ ಬೆಳವಣಿಗೆಯ ಫಲಕವನ್ನು ಅಕಿಲಿಸ್ ಸ್ನಾಯುರಜ್ಜು ಎಳೆಯುವುದರಿಂದ ಇದು ಉಂಟಾಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ಜೇಮ್ಸ್ ವಾರೆನ್ ಸೀವರ್ ಅವರ ಹೆಸರೇ ಇದಕ್ಕೆ ಬಂದಿದೆ. ಆಟವನ್ನು ಕೆಲಕಾಲ ಕಡಿಮೆ ಮಾಡುವುದು, ಹಿಮ್ಮಡಿಗೆ ಮೆತ್ತೆ ಇಡುವುದು ಮತ್ತು ಮೀನಖಂಡದ ವ್ಯಾಯಾಮಗಳಿಂದ ಇದು ತಗ್ಗುತ್ತದೆ. ಬೆಳವಣಿಗೆಯ ಫಲಕ ಕೂಡಿಕೊಂಡ ಮೇಲೆ ತಾನಾಗಿಯೇ ನಿಲ್ಲುತ್ತದೆ.

## ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಕೆಳಗಿನ ಸಂದರ್ಭಗಳಲ್ಲಿ ಮನೆಮದ್ದನ್ನು ನೆಚ್ಚಿಕೊಂಡು ಕಾಯದೆ ವೈದ್ಯರನ್ನು ಬೇಗನೆ ಕಾಣಬೇಕು:

* ಬಿದ್ದ ಅಥವಾ ಹಾರಿದ ನಂತರ ಪಾದವನ್ನು ಊರಲಾಗದಿರುವುದು
* ಹಿಮ್ಮಡಿಯ ಹಿಂಬದಿಯಲ್ಲಿ ಏನೋ ತುಂಡಾದಂತೆ ಸದ್ದಾಗಿ, ತುದಿಗಾಲಿನಲ್ಲಿ ನಿಲ್ಲಲಾಗದಿರುವುದು
* ಜ್ವರದ ಜೊತೆಗೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು
* ಮರಗಟ್ಟುವಿಕೆ, ಉರಿ ಅಥವಾ ಕಾಲಿನ ಶಕ್ತಿ ಕುಂದುವುದು
* ವಿಶ್ರಾಂತಿಯಲ್ಲೂ ರಾತ್ರಿಯಲ್ಲೂ ನೋವು ಬಿಡದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು
* ಮಧುಮೇಹ ಇರುವವರ ಪಾದದಲ್ಲಿ ಗಾಯ, ಬಣ್ಣದ ಬದಲಾವಣೆ ಅಥವಾ ಹೊಸದಾಗಿ ಊತ ಕಾಣಿಸುವುದು

## ತಡೆಗಟ್ಟುವಿಕೆ

ನಡಿಗೆ ಅಥವಾ ಓಟದ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸುವುದು, ಅಟ್ಟೆ ಸವೆದ ಪಾದರಕ್ಷೆಗಳನ್ನು ಬದಲಿಸುವುದು, ಮೀನಖಂಡದ ಬಿಗಿತ ಹೋಗಲಾಡಿಸುವ ವ್ಯಾಯಾಮವನ್ನು ರೂಢಿಸಿಕೊಳ್ಳುವುದು ಮತ್ತು ದೇಹದ ತೂಕವನ್ನು ಹತೋಟಿಯಲ್ಲಿಡುವುದು ಹಿಮ್ಮಡಿ ನೋವಿನ ಸಾಧ್ಯತೆಯನ್ನು ಕಡಿಮೆ ಮಾಡುತ್ತವೆ. ದೂರದ ಕ್ಷೇತ್ರಗಳಿಗೆ ಪಾದಯಾತ್ರೆ ಹೊರಡುವವರು ಕೆಲವು ವಾರಗಳ ಮೊದಲೇ ನಡಿಗೆಯ ಅಭ್ಯಾಸ ಆರಂಭಿಸುವುದು ಒಳ್ಳೆಯದು. ಒಮ್ಮೆ ಗುಣವಾದ ನೋವು ಮರುಕಳಿಸುವುದುಂಟು. ಆದುದರಿಂದ ನೋವು ನಿಂತ ಮೇಲೂ ವ್ಯಾಯಾಮಗಳನ್ನು ಕೆಲವು ತಿಂಗಳು ಮುಂದುವರಿಸಲು ಸಲಹೆ ನೀಡಲಾಗುತ್ತದೆ.